ಹತ್ತೂವರೆಯ ಫೋನು

ಗುರುವಾರ ಇಳಿಹೊತ್ತಿನಲ್ಲಿ ಬಾಳೇಶ ಬಂದು ಕರಪತ್ರ ಕೈಗಿಟ್ಟಾಗ ತಾರಾಬಾಯಿ ಅದರಲ್ಲಿ ಅಚ್ಚಾಗಿದ್ದ ಮಗನ ಫೋಟೋ ನೋಡಲಿಲ್ಲ, ಬಾಳೇಶನ ಮುಖ ನೋಡಿದಳು. ಮಿಲಿಂದ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವನ ಜತೆ ಆಡುತ್ತಿದ್ದ ಹುಡುಗರೆಲ್ಲ ಸೇರಿ ರವಿವಾರ ನೇಸರಗಿಯಲ್ಲೇ ಅವನ ಹೆಸರಿನಲ್ಲಿ ಕಬಡ್ಡಿ ಪಂದ್ಯ ಇಟ್ಟುಕೊಂಡಿದ್ದರು. ಐವತ್ತೈದು ಕಿಲೋದ ಒಳಗಿನವರಿಗೆ ಮಾತ್ರ ಎಂದು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು.

"ಕಪ್ಪು ನಿಮ್ಮ ಕೈಲೆ ಕೊಡಸೋದೈತ್ರಿ ಕಾಕು. ಕಾಕಾರ್ನೂ ಕರಕೊಂಡ ಬರ್ರಿ" ಎಂದ ಬಾಳೇಶ.

"ನಾ ಯಾಕಪಾ ಗಂಡಸೂರ ನಡುವ? ಇವರಷ್ಟ ಬರ್ತಾರ ತಗೋ."

"ಇಲ್ರಿ, ಇಬ್ರೂ ಬರಬೇಕ್ರಿ." ಅವನು ಕಾಲ್ಬೆರಳಿನಿಂದ ಕಟ್ಟೆಯ ಮಣ್ಣು ಕೆರೆಯುತ್ತ ನಿಂತ. "ನನಗ ಒಂದ ಮಾತ ಹೇಳೋದೈತ್ರಿ. ಇಬ್ಬರ ಮುಂದೂ ಹೇಳೋದು. ವರ್ಷಾತ್ರಿ ಹೊಟ್ಟ್ಯಾಗ ಇಟಗೊಂಡು, ಸಾಕಾಗೇತಿ."

ಚಹಾ ಮಾಡುತ್ತೇನೆ ಕೂಡು ಅಂದರೂ ನಿಲ್ಲದೆ ಗಾಡಿ ಹತ್ತಿ ಹೋಗಿಬಿಟ್ಟ. ತಾರಾಬಾಯಿ ಕರಪತ್ರ ಹಿಡಿದು ಕಟ್ಟೆಯ ಮೇಲೆ ಕೂತಳು. ಹೇಳೋ ಮಾತು ಯಾವುದು ಅಂತ ಅವಳಿಗೆ ಗೊತ್ತಿತ್ತು. ಅಥವಾ ಗೊತ್ತಿದೆ ಅಂದುಕೊಂಡಳು. ಆ ದಿನ ಬೆಳಿಗ್ಗೆ ಹತ್ತೂವರೆಗೆ ಮಿಲಿಂದ ಮೈದಾನದಿಂದ ಅವಳಿಗೆ ಫೋನು ಮಾಡಿದ್ದ. "ಅವ್ವಾ, ನೀರು ಕುಡದ್ರ ನಡೀತದೇನು?" ಎಂದು ಕೇಳಿದ್ದ. ನಡೆಯುವುದಿಲ್ಲ ಅಂತ ಅವಳು ಹೇಳಿದ್ದಳು. ಸಂಜೆ ಐದಕ್ಕೆ ಅವನು ಬಿದ್ದ. ಈ ಮಾತನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ದೇವರ ಮುಂದೆ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ. ಫೋನು ಮಾಡುವಾಗ ಬಾಳೇಶ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಇಬ್ಬರ ಮುಂದೂ ಹೇಳುವಂಥದ್ದು ಅವನ ಬಳಿ ಇನ್ನೇನಿದೆ?

ಅವಳ ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಗಂಡ ತ್ರ್ಯಂಬಕರಾಯರ ಎದೆಯ ನಾಳದಲ್ಲಿ ಡಾಕ್ಟರು ಸ್ಪ್ರಿಂಗು ಕೂಡಿಸಿ ಹನ್ನೊಂದು ತಿಂಗಳಾಗಿತ್ತು. ಮನಸ್ಸಿಗೆ ಏನನ್ನೂ ಹಚ್ಚಿಕೊಳ್ಳದಂತೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಒಬ್ಬನೇ ಮಗನನ್ನು ಸುಟ್ಟು ಬಂದವರ ಮನಸ್ಸಿಗೆ ಏನೂ ಹಚ್ಚದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಡಾಕ್ಟರು ಹೇಳಿರಲಿಲ್ಲ.

ಮಿಲಿಂದ ಅವರಿಗೆ ಲಗ್ನವಾದ ಒಂಬತ್ತನೇ ವರ್ಷಕ್ಕೆ ಹುಟ್ಟಿದವನು. ನಡೆಯುವುದನ್ನು ಕಲಿಯುವ ಮೊದಲೇ ಓಡಿದ ಎಂದು ತಾರಾಬಾಯಿ ಹೇಳುತ್ತಿದ್ದಳು. ಎಲ್ಲ ತಾಯಂದಿರೂ ಹೀಗೆ ಹೇಳುತ್ತಾರೆ, ಆದರೆ ಇವನ ವಿಷಯದಲ್ಲಿ ನೇಸರಗಿಯ ಅರ್ಧ ಊರು ಸಾಕ್ಷಿ ಹೇಳುತ್ತಿತ್ತು. ಸಾಲಿಗೆ ಓಡುತ್ತಿದ್ದ, ಸಾಲಿಯಿಂದ ಓಡುತ್ತಿದ್ದ, ಹಿಟ್ಟು ಬೀಸಿಸಲು ಕಳಿಸಿದರೆ ಡಬ್ಬಿ ತಲೆಯ ಮೇಲಿಟ್ಟುಕೊಂಡು ಓಡುತ್ತಿದ್ದ. ಬೇಸಿಗೆ ರಜೆಗೆ ತಾಯಿಯ ತವರು ಉಗರಗೋಳಕ್ಕೆ ಹೋದರೆ ಜನ ಏಳುವ ಮೊದಲೇ ಎಲ್ಲಮ್ಮನ ಗುಡ್ಡ ಹತ್ತಿ ಇಳಿದು ಬಂದು, ಅವಲಕ್ಕಿ ಆಯಿತೇ ಎಂದು ಕೇಳುತ್ತಿದ್ದ. ಕಿತ್ತೂರಿನ ಉತ್ಸವದಲ್ಲಿ ಒಮ್ಮೆ ಓಟದಲ್ಲಿ ಮೂರನೆಯವನಾಗಿ ಬಂದ. ಮೊದಲಿನ ಇಬ್ಬರೂ ಸೈನ್ಯದ ಭರ್ತಿಗೆ ತಯಾರಾಗುತ್ತಿದ್ದವರು, ನಾನು ಬರೀ ಚಪಾತಿ ಮೇಲೆ ಓಡಿದವನು ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ.

ಆದರೆ ಅವನ ಜೀವ ಇದ್ದದ್ದು ಕಬಡ್ಡಿಯಲ್ಲಿ. ಹದಿನೈದು ವರ್ಷದವನಿದ್ದಾಗ ಚಚಡಿಯ ವಾಡೆಯ ಮುಂದಿನ ಬಯಲಿನಲ್ಲಿ ಮೊದಲ ಸಲ ದೊಡ್ಡವರ ಜತೆ ಆಡಿದ. ಮನೆಗೆ ಬಂದಾಗ ಮೊಣಕಾಲು ಕೆತ್ತಿತ್ತು, ಅಂಗಿ ಹರಿದಿತ್ತು, ಹರಿದ ಜನಿವಾರ ಕರವಸ್ತ್ರದ ಗಂಟಿನಲ್ಲಿತ್ತು. ಮೊಣಕಾಲಿಗೆ ಏನಾದರೂ ಆಗಲಿ, ತಾರಾಬಾಯಿ ಜನಿವಾರ ಕಂಡು ಬಾಯಿ ಬಾಯಿ ಬಡಿದುಕೊಂಡಳು. ಅವಳು ಅರ್ಚಕರ ಮನೆಯ ಮಗಳು. ಮಡಿ, ನೇಮ, ತಿಥಿ, ಪಾರಣೆ ಎಲ್ಲ ಅವಳ ಸುಪರ್ದಿಯಲ್ಲಿದ್ದವು. ತ್ರ್ಯಂಬಕರಾಯರು ಹೆಸರಿಗೆ ಭಟ್ಟರ ಮನೆತನ, ಕೆಲಸಕ್ಕೆ ಊರ ಪೋಸ್ಟ್ ಮಾಸ್ತರು. ಏಕಾದಶಿ ದಿನವೂ ಪೋಸ್ಟಿನಲ್ಲಿ ಯಾರಾದರೂ ಚಹಾ ಕೊಟ್ಟರೆ ಒಲ್ಲೆ ಅಂದವರಲ್ಲ.

"ಆಡ್ಲಿಕ್ಕೆ ಹೋಗೋವಾಗ ಜನಿವಾರ ಮೊಳಿಗೆ ಹಾಕಿ ಹೋಗೋ, ಬಂದಮ್ಯಾಲೆ ಹಾಕ್ಕೋ" ಎಂದು ರಾಯರು ಮಗನಿಗೆ ಉಪಾಯ ಹೇಳಿಕೊಟ್ಟರು. ತಾರಾಬಾಯಿ ಗಂಡನನ್ನು ನುಂಗುವಂತೆ ನೋಡಿದಳು. ಕೊನೆಗೆ ಸೋತದ್ದು ಅವಳೇ. ಸವದತ್ತಿಗೆ ಹೋದಾಗಲೆಲ್ಲ ಡಜನುಗಟ್ಟಲೆ ಜನಿವಾರ ತಂದಿಡತೊಡಗಿದಳು.

ಪಂದ್ಯಗಳಲ್ಲಿ ಗೆದ್ದದ್ದನ್ನೆಲ್ಲ ಮನೆಗೇ ತರುತ್ತಿದ್ದ. ಕಪ್ಪು ತಂದ, ಸ್ಟೀಲಿನ ಕೊಡ ತಂದ, ಒಂದು ಸಲ ರಾಮದುರ್ಗದ ಕಡೆಯ ಊರಿನಿಂದ ಮೊದಲ ಬಹುಮಾನದ ಟಗರನ್ನೇ ತಂದು ಹಿತ್ತಲಲ್ಲಿ ಕಟ್ಟಿದ. ಬೆಳಗಾಗುವಷ್ಟರಲ್ಲಿ ಅದು ತುಳಸಿಕಟ್ಟೆಯ ತುಳಸಿಯನ್ನೆಲ್ಲ ತಿಂದು ಮುಗಿಸಿತ್ತು. ಮಧ್ಯಾಹ್ನ ಬಾಳೇಶ ಬಂದು ಅದನ್ನು ತನ್ನ ಮನೆಗೆ ಎಳೆದೊಯ್ಯುವವರೆಗೆ ತಾರಾಬಾಯಿ ಬಯ್ಯುತ್ತಲೇ ಇದ್ದಳು, ಬಯ್ಯುತ್ತಲೇ ಅದಕ್ಕೆ ನೆನೆಸಿದ ಕಡಲೆ ಹಾಕುತ್ತಲೂ ಇದ್ದಳು. ಬಾಳೇಶ ರೈತರ ಮನೆಯ ಹುಡುಗ, ಮಿಲಿಂದನದೇ ವಯಸ್ಸು, ತಂಡದ ಕ್ಯಾಪ್ಟನ್. ಇಬ್ಬರಲ್ಲಿ ಒಬ್ಬರಿದ್ದ ಕಡೆ ಇನ್ನೊಬ್ಬರು ಇದ್ದೇ ಇರುತ್ತಿದ್ದರು.

ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆ ಮಿಲಿಂದ ಅಪ್ಪನ ಪೋಸ್ಟಿನಲ್ಲೇ ಟಪಾಲು ಹಂಚುವ ಕೆಲಸಕ್ಕೆ ಸೇರಿದ. ಸೈಕಲ್ ಕೊಟ್ಟಿದ್ದರು, ಆದರೂ ಹತ್ತಿರದ ಓಣಿಗಳಿಗೆ ಓಡಿಯೇ ಹೋಗುತ್ತಿದ್ದ. ಪಿಂಚಣಿಯ ಮುದುಕಿಯರಿಗೆ ಅವನೆಂದರೆ ಪ್ರಾಣ. ಅದೇ ಹೊತ್ತಿಗೆ, ಇಪ್ಪತ್ತನೇ ವರ್ಷದ ಸುಮಾರಿಗೆ, ಅವನಿಗೆ ಭಕ್ತಿ ಬಂತು. ಗುರುವಾರ ಗುರುರಾಯರದು ಎಂದು ಊಟ ಬಿಡುತ್ತಿದ್ದ. ಶನಿವಾರ ಹನುಮಪ್ಪನದು ಎನ್ನುತ್ತಿದ್ದ. ಏಕಾದಶಿಗೆ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ತಾರಾಬಾಯಿಗೆ ಕಣ್ಣಲ್ಲಿ ನೀರು ಬಂತು. ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡಳು. ಸಂಕ್ರಾಂತಿಯಿಂದ ಮಳೆಗಾಲದವರೆಗೆ ಅವನ ಭಕ್ತಿ ಏರುತ್ತದೆ, ಮಳೆ ಹಿಡಿದು ಆಟ ನಿಂತೊಡನೆ ನಾಲ್ಕು ಹೊತ್ತು ಉಣ್ಣತೊಡಗುತ್ತಾನೆ ಎಂಬುದು ಕಣ್ಣ ಮುಂದೆಯೇ ಇತ್ತು. ತಾಯಿಯ ಕಣ್ಣು, ತನಗೆ ಬೇಕಾದದ್ದನ್ನಷ್ಟೇ ನೋಡಿತು.

ಹೋದ ವೈಶಾಖದಲ್ಲಿ ರಾಯರಿಗೆ ಎದೆ ನೋವು ಬಂತು. ನಾಳದಲ್ಲಿ ಅಡ್ಡಿಯಿದೆ, ಬೆಳಗಾವಿಗೆ ಬರ್ರಿ ಎಂದು ಡಾಕ್ಟರು ಸೋಮವಾರ ಗೊತ್ತು ಮಾಡಿದರು. ಅದರ ಹಿಂದಿನ ಶನಿವಾರ ಏಕಾದಶಿ. ಶುಕ್ರವಾರ ದಶಮಿಯ ದಿನವೇ ಮಿಲಿಂದ ಊಟಕ್ಕೆ ಏಳಲಿಲ್ಲ, ನೀರನ್ನೂ ಒಲ್ಲೆ ಎಂದ. ಬಿಸಿಲಿನಲ್ಲಿ ಎರಡು ಅಂಗಿ, ಮೇಲೊಂದು ಸ್ವೆಟರ್ ಹಾಕಿಕೊಂಡು ಓಡಲು ಹೋಗಿ ಬಂದಿದ್ದ.

"ದಶಮಿಗೂ ಯಾಕೋ ಉಪವಾಸ? ಯಾವ ಶಾಸ್ತ್ರದಾಗ ಅದನೋ ಇದು?" ಎಂದು ತಾರಾಬಾಯಿ ಕೇಳಿದಳು.

ಅವನು ಮೊದಲು ಸ್ವೆಟರ್ ಕಳಚಿ ಗೂಟಕ್ಕೆ ಹಾಕಿದ. ಆಮೇಲೆ ಹೇಳಿದ: "ಅಪ್ಪನ ಸಲುವಾಗಿ ಅವ್ವಾ. ಆಪರೇಶನ್ ಸುಸೂತ್ರ ಆಗ್ಲಿ ಅಂತ."

ಅವಳು ಅವನನ್ನು ಹಾಗೇ ಕೈ ಹಿಡಿದು ದೇವರ ಮನೆಗೆ ಕರೆದೊಯ್ದಳು. ಇಂಥದ್ದನ್ನು ಬಾಯಿಮಾತಿಗೆ ಬಿಡಬಾರದು, ಸಂಕಲ್ಪ ಮಾಡಬೇಕು. ಅಕ್ಷತೆ, ತುಳಸಿ ಕೊಟ್ಟಳು. ದ್ವಾದಶಿಯ ಪಾರಣೆಯವರೆಗೆ ಅನ್ನವಿಲ್ಲ, ನೀರಿಲ್ಲ, ಪುಣ್ಯವೆಲ್ಲ ತಂದೆಯ ಆಯುಷ್ಯಕ್ಕೆ ಎಂದು ಹೇಳಿಸಿದಳು. ಮಿಲಿಂದ ಮೊದಲು ಕೈ ಹಿಂದಕ್ಕೆಳೆದುಕೊಂಡ. "ಇಷ್ಟೆಲ್ಲಾ ಯಾಕ ಅವ್ವಾ" ಎಂದ. ಅವಳ ಮುಖ ನೋಡಿ ಕೈ ಚಾಚಿದ. ಅವಳು ಅದರ ಮೇಲೆ ನೀರು ಬಿಟ್ಟಳು.

ಮರುದಿನ ಬೆಳಕು ಹರಿಯುವಾಗ ಗೆಳೆಯರಿಬ್ಬರೂ ಬಾಳೇಶನ ಗಾಡಿಯಲ್ಲಿ ರಾಮದುರ್ಗದ ಕಡೆಗೆ ಪಂದ್ಯಕ್ಕೆ ಹೋದರು. ಹತ್ತೂವರೆಗೆ ಫೋನು ಬಂತು. ತಾರಾಬಾಯಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ರಾಯರು ಎರಡು ಮಾರು ಆಚೆ ಮಂಚದ ಮೇಲೆ ಮಲಗಿ ಪೇಪರ್ ಓದುತ್ತಿದ್ದರು. ಯಾರದು ಎಂದು ಕೇಳಿದರು. ಮಿಲಿಂದನದು ಎಂದಳು.

"ಅವ್ವಾ, ನೀರು ಕುಡದ್ರ ನಡೀತದೇನು? ಸ್ವಲ್ಪ."

ಅವಳು ಫೋನು ಹಿಡಿದು ಅಡುಗೆಮನೆಗೆ ಹೋದಳು. ದನಿ ತಗ್ಗಿಸಿ ಹೇಳಿದಳು: "ಸಂಕಲ್ಪ ಮಾಡೀದಿ ಮಿಲಿಂದಾ. ಅದೂ ಅಪ್ಪನ ಹೆಸರಿಲೆ. ಸೋಮವಾರ ಅವರನ್ನ ಟೇಬಲ್ ಮ್ಯಾಲೆ ಮಲಗಸ್ತಾರ. ಈಗ ಮುರದ್ರ ನನ್ನ ಮನಸಿಗೆ ಸಮಾಧಾನ ಇರಂಗಿಲ್ಲ. ನಾಳೆ ಮುಂಜಾನೆ ತನಕ ತಡಿ."

ಸ್ವಲ್ಪ ಹೊತ್ತು ಬರೀ ಮೈಕಿನ ಗದ್ದಲ ಕೇಳಿತು. ಆಮೇಲೆ ಅವನು, "ಆತು ಬಿಡವ್ವಾ" ಎಂದ.

ಸಂಜೆ ಐದಕ್ಕೆ, ಮೂರನೇ ಆಟದಲ್ಲಿ, ಎದುರಿನವರ ಅಂಕಣದಿಂದ ಇಬ್ಬರನ್ನು ಮುಟ್ಟಿ ತಿರುಗಿ ಬಂದವನು ನಡುಗೆರೆ ದಾಟಿದೊಡನೆ ಕುಸಿದು ಬಿದ್ದ. ರಾಮದುರ್ಗದ ದವಾಖಾನೆಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈಯಲ್ಲಿ ನೀರೇ ಇರಲಿಲ್ಲ, ಬಿಸಿಲು ಹೊಡೆದಿದೆ ಎಂದರು. ಇಪ್ಪತ್ಮೂರು ವರ್ಷ.

ರಾಯರ ಆಪರೇಶನ್ ತಿಂಗಳು ಮುಂದಕ್ಕೆ ಹೋಗಿ, ಸುಸೂತ್ರವಾಗಿಯೇ ಆಯಿತು. ಎದ್ದು ಕೂತ ದಿನದಿಂದ ಅವರು ಬಂದವರಿಗೆಲ್ಲ ಒಂದೇ ಮಾತು ಹೇಳತೊಡಗಿದರು: "ನನ್ನ ಸಲುವಾಗಿ ಉಪವಾಸ ಹಿಡದಿದ್ದ. ತನ್ನ ಆಯುಷ್ಯ ನನಗ ಕೊಟ್ಟು ಹೋದ." ವ್ರತ ನೇಮ ಎಂದರೆ ನಗುತ್ತಿದ್ದ ಮನುಷ್ಯ ಈಗ ತಾನೇ ಏಕಾದಶಿ ಹಿಡಿಯುತ್ತಿದ್ದರು. ಆ ಮಾತೊಂದನ್ನು ಊರುಗೋಲಿನಂತೆ ಹಿಡಿದುಕೊಂಡೇ ಅವರು ವರ್ಷ ದಾಟಿದ್ದರು. ಅವರು ಹಾಗೆ ಹೇಳುವಾಗಲೆಲ್ಲ ತಾರಾಬಾಯಿ ಏನಾದರೂ ನೆವ ಮಾಡಿ ಒಳಗೆ ಹೋಗಿಬಿಡುತ್ತಿದ್ದಳು. ಅವನಾಗಿಯೇ ಹಿಡಿದ, ಅವನಾಗಿಯೇ ನಡೆಸಿದ ಎಂದು ಗಂಡ ನಂಬಿದ್ದರು. ಮಗ ನೀರು ಕೇಳಿದ್ದ, ತಾನು ಕೊಡಲಿಲ್ಲ ಎಂಬುದು ಅವರ ಕಿವಿಗೆ ಬಿದ್ದರೆ ಆ ಎದೆ ತಡೆದೀತೇ? ತಡೆದರೂ, ತನ್ನ ಮುಖವನ್ನು ಅವರು ಇನ್ನೊಮ್ಮೆ ನೋಡಿಯಾರೇ?

ಶುಕ್ರವಾರ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ರವಿವಾರ ಬಿಸಿಲು ಬಹಳ, ನೀವು ಹೋಗುವುದು ಬೇಡ ಎಂದು ಗಂಡನಿಗೆ ಹೇಳಿ ನೋಡಿದಳು.

"ಮಗನ ಹೆಸರಿಲೆ ಮಾಡ್ಲಿಕತ್ತಾರ, ನಾನು ಮನ್ಯಾಗ ಕೂಡ್ಲೇನು? ಏನ್ ಮಾತಾಡ್ತಿ?" ಎಂದು ರಾಯರು ಆಗಲೇ ಇಸ್ತ್ರಿಗೆ ಧೋತರ ತೆಗೆದಿಟ್ಟರು.

ಶನಿವಾರ ಅವಳು ಬಾಳೇಶನ ಮನೆಗೇ ಹೋದಳು. ಗಂಡನ ಮುಂದೆ ಬೇಡ, ನನ್ನೊಬ್ಬಳಿಗೇ ಹೇಳು ಎಂದು ಕಾಲು ಹಿಡಿದಾದರೂ ಕೇಳಿಕೊಳ್ಳುವುದು ಅಂತ. ಬಾಳೇಶ ಪೆಂಡಾಲು ಹಾಕಿಸಲು ಹೋಗಿದ್ದ. ಅವನ ತಾಯಿ ಸತ್ಯವ್ವ ಮಣೆ ಹಾಕಿ ಕೂಡಿಸಿದಳು.

"ನೀವರ ಒಂದೀಟ ಹೇಳ್ರಿ ಬಾಯಾರ, ನಿಮ್ಮ ಮಾತ ಕೇಳತಾನ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ವರ್ಷಾತು, ಆಟ ಬಿಟ್ಟಾ. ಪೊಲೀಸ ಭರ್ತಿಗೆ ಓಟದಾಗ ಪಾಸಾಗಿದ್ದಾ, ಮುಂದಿನ ಪರೀಕ್ಷಾಕ್ಕ ಹೋಗಲಿಲ್ಲ. ಹೊಲಕ್ಕ ಹೋದ್ರ ಬದುವಿನ ಮ್ಯಾಲೆ ಕುಂತಬಿಡತಾನ. ಎದಕ್ಕ ಹಿಂಗ ಮಾಡತೀಯೋ ಅಂದ್ರ, ನನಗ ಆ ಯೋಗ್ಯತಾ ಇಲ್ಲಬೇ ಅಂತಾನ."

ತಾರಾಬಾಯಿಗೆ ಆ ಮಾತು ಅರ್ಥವಾಗಲಿಲ್ಲ. ಗೆಳೆಯನ ದುಃಖ ಎಂದುಕೊಂಡಳು. ಅವಳ ತಲೆ ತುಂಬ ತನ್ನದೇ ಭಯ ತುಂಬಿತ್ತು, ಇನ್ನೊಬ್ಬರದಕ್ಕೆ ಜಾಗವಿರಲಿಲ್ಲ. ಹೇಳ್ತೀನಿ ಎಂದು ಎದ್ದು ಬಂದಳು.

ರವಿವಾರ ಒಂಬತ್ತಕ್ಕೆಲ್ಲ ಸಾಲಿಯ ಬಯಲು ತುಂಬಿತ್ತು. ಬಾಗಿಲಲ್ಲೇ ಮಿಲಿಂದನ ಆಳೆತ್ತರದ ಬ್ಯಾನರು. ನಗುತ್ತಿರುವ ಫೋಟೋ, ತೊಡೆ ತಟ್ಟುತ್ತಿರುವ ಫೋಟೋ. ರಾಯರು ಅದರ ಮುಂದೆ ನಿಂತವರು ಸರಿಯಲೇ ಇಲ್ಲ. ಪಂದ್ಯದ ಯಜಮಾನಿಕೆ ವಹಿಸಿಕೊಂಡಿದ್ದ ಶಂಕರೆಪ್ಪ ಎಂಬ ಹಿರಿಯರು ಬಂದು ಇಬ್ಬರನ್ನೂ ನೆರಳಿನ ಕುರ್ಚಿಗೆ ಕರೆದೊಯ್ದು ಕೂಡಿಸಿದರು.

ಸಾಲಿಯ ಪಡಸಾಲೆಯಲ್ಲಿ ತೂಕ ನಡೆದಿತ್ತು. ಆಟಗಾರರು ಚಡ್ಡಿಯಲ್ಲೇ ಸರದಿ ನಿಂತು ಒಬ್ಬೊಬ್ಬರಾಗಿ ಕಾಟೆಯ ಮೇಲೆ ಹತ್ತಿ ಇಳಿಯುತ್ತಿದ್ದರು. ಒಬ್ಬ ಹುಡುಗ ಗೋಡೆಗೆ ಒರಗಿ ಮತ್ತೆ ಮತ್ತೆ ಉಗುಳುತ್ತಿದ್ದ. ಉಗುಳಲು ಬಾಯಲ್ಲಿ ಏನೂ ಇರಲಿಲ್ಲ. ತುಟಿ ಒಡೆದು ಬೆಳ್ಳಗಾಗಿತ್ತು. ಈ ಹುಡುಗನಿಗೆ ಜ್ವರ ಬಂದಿರಬೇಕು ಎಂದು ತಾರಾಬಾಯಿ ಅಂದುಕೊಂಡಳು. ಅವಳ ಕಣ್ಣು ಬಾಳೇಶನನ್ನು ಹುಡುಕುತ್ತಿತ್ತು. ಅವನು ಮೈದಾನದ ಆಚೆ ಅಂಚಿನಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ, ಈ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ.

ಶಂಕರೆಪ್ಪನವರು ಮೈಕು ಹಿಡಿದರು. ಮಿಲಿಂದನ ಜೀವನ ಹೇಳುತ್ತೇನೆಂದು ಶುರು ಮಾಡಿ, ಮೂರನೇ ಬಹುಮಾನವನ್ನು ಮೊದಲನೆಯದು ಮಾಡಿದರು, ಕಿತ್ತೂರನ್ನು ರಾಜ್ಯಮಟ್ಟ ಮಾಡಿದರು, ಒಂದು ಟಗರನ್ನು ಐದು ಮಾಡಿದರು. ಜನ ಚಪ್ಪಾಳೆ ತಟ್ಟಿದರು. "ತಂದಿ ಸಲುವಾಗಿ ನೀರಡಿಸಿ ಪ್ರಾಣ ಬಿಟ್ಟ ಮಗ ಇಂವಾ! ಇಂಥಾ ಮಗ ಯಾರಿಗರೇ ಹುಟ್ಟ್ಯಾನೇನ್ರಿ?" ಎಂದಾಗ ರಾಯರು ಕನ್ನಡಕ ತೆಗೆದು ಒರೆಸಿಕೊಂಡರು, ಹೆಮ್ಮೆಯಿಂದ ಸುತ್ತ ನೋಡಿದರು. ತಾರಾಬಾಯಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮೊದಲ ಆಟ ಶುರುವಾದಾಗ ಬಾಳೇಶ ಬಂದು ಎದುರಿಗೆ ನಿಂತ. "ಒಳಗ ಬರ್ರಿ" ಎಂದ. ಹೋಗುವಾಗ ತಾರಾಬಾಯಿ ಹಿಂದೆ ಉಳಿದು ಅವನ ತೋಳು ಹಿಡಿದಳು.

"ಬ್ಯಾಡೋ ಬಾಳೇಶಾ. ಇವರ ಮುಂದ ಬ್ಯಾಡ. ಇವರ ಎದಿ ಸರಿ ಇಲ್ಲ, ಗೊತ್ತದನೋ ಇಲ್ಲೋ?"

"ಹೇಳಲಿಲ್ಲಂದ್ರ ನಂದ ಉಳಿಯೂದಿಲ್ರಿ ಕಾಕು" ಎಂದ ಅವನು, ಮೆಲ್ಲನೆ ತೋಳು ಬಿಡಿಸಿಕೊಂಡ.

ಖಾಲಿ ಸಾಲಿಯ ಕೋಣೆ. ರಾಯರು ಬೆಂಚಿನ ಮೇಲೆ ಕುಂತರು. ಬಾಳೇಶ ಕೂಡಲಿಲ್ಲ. ತಾರಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೊರಗೆ ಸೀಟಿ, ಕೂಗು.

"ಕಾಕಾರ, ಅಂವಾ ನಿಮ್ಮ ಸಲುವಾಗಿ ಉಪವಾಸ ಇರಲಿಲ್ರಿ" ಎಂದ ಬಾಳೇಶ.

ರಾಯರು ತಲೆಯೆತ್ತಿದರು.

"ತೂಕದ ಸಲುವಾಗಿ ಇದ್ದಾ. ಗುರುವಾರ ಐವತ್ತೇಳೂವರಿ ಕಿಲೋ ಇದ್ದ. ಐವತ್ತೈದಕ್ಕ ಇಳೀಬೇಕಾಗಿತ್ತು. ಹಂಗ ಎಲ್ಲಾರೂ ಮಾಡತಾರ್ರಿ. ಎರಡ ದಿನ ಕೂಳ ನೀರ ಬಿಡೋದು, ಸ್ವೆಟರ್ ಹಾಕ್ಕೊಂಡ ಓಡೋದು, ತೂಕ ಆದಮ್ಯಾಲೆ ಕುಡಿಯೋದು. ಮನ್ಯಾಗ ಗೊತ್ತಾದ್ರ ಬಿಡೂದಿಲ್ಲಂತ ದೇವರ ಹೆಸರ ಹೇಳತಿದ್ದಾ. ಗುರುವಾರ, ಶನಿವಾರ, ಏಕಾದಶಿ, ಎಲ್ಲಾ ಅದಕ್ಕರೀ." ಅವನು ಒಂದು ಹೆಜ್ಜೆ ರಾಯರ ಹತ್ತಿರ ಬಂದ. "ಆ ಸಲ ಅಂವಾ ಒಲ್ಲೆ ಅಂದಿದ್ದಾ. ಅಪ್ಪಂದು ಆಪರೇಶನ್ ಐತಿ, ಆಟ ಬ್ಯಾಡಂದಾ. ನಾನಽ ಜುಲುಮಿ ಮಾಡಿದೆ. ನೀ ಇಲ್ಲಂದ್ರ ಟೀಮ ಎದಕ್ಕಂತ ಅಂದೆ. ನನ್ನ ಮಾತಿಗೆ ಬಂದಾ."

ತಾರಾಬಾಯಿಗೆ ಮೊದಲು ಏನೂ ತಿಳಿಯಲಿಲ್ಲ. ಬಾಳೇಶ ಫೋನಿನ ಮಾತೇ ಆಡಲಿಲ್ಲ. ಅವನಿಗೆ ಗೊತ್ತೇ ಇಲ್ಲ! ಮೂರು ದಿನದ ಭಯ ಒಮ್ಮೆಗೇ ಇಳಿಯಿತು. ಆಮೇಲೆ ನಿಧಾನಕ್ಕೆ ಉಳಿದದ್ದು ತಿಳಿಯತೊಡಗಿತು. ಗೋಡೆಗೊರಗಿ ಉಗುಳುತ್ತಿದ್ದ ಹುಡುಗ. ಮೇ ತಿಂಗಳ ಸ್ವೆಟರು. ಮೂರು ವರ್ಷ ಅಕ್ಕಪಕ್ಕದವರಿಗೆ ಹೇಳಿ ಹಿಗ್ಗಿದ ಮಗನ ಭಕ್ತಿ. ದೇವರ ಮನೆಯಲ್ಲಿ ಅವನು ಹಿಂದಕ್ಕೆಳೆದುಕೊಂಡ ಕೈ.

ರಾಯರು ಎದ್ದು ನಿಂತಿದ್ದರು. "ಹಂಗಾದ್ರ ನನ್ನ ಸಲುವಾಗಿ ಅಲ್ಲ?" ಎಂದರು. ಯಾರನ್ನು ಕೇಳಿದರೋ. ಮತ್ತೆ ಅದನ್ನೇ ಕೇಳಿದರು. "ನನ್ನ ಸಲುವಾಗಿ ಅಲ್ಲ?" ಒಂದು ಕೈ ಎದೆಯ ಮೇಲೆ ಹೋಯಿತು, ಇನ್ನೊಂದು ಬಾಳೇಶನ ಅಂಗಿಯ ಕೊರಳು ಹಿಡಿಯಿತು. "ಒಂದ ಸ್ಟೀಲಿನ ಕೊಡದ ಸಲುವಾಗಿ ನನ್ನ ಮಗನ್ನ ಒಣಗಿಸಿದ್ಯಲ್ಲೋ! ನೀನ ಕೊಂದಿ ಅವನ್ನ. ನೀನ ಕೊಂದಿ!"

"ಹೌದ್ರಿ" ಎಂದ ಬಾಳೇಶ. ತಪ್ಪಿಸಿಕೊಳ್ಳಲಿಲ್ಲ, ಕೈ ಕೂಡ ಅಡ್ಡ ತರಲಿಲ್ಲ.

ಈಗ ಸುಮ್ಮನಿದ್ದರೆ ಮುಗಿಯಿತು. ಫೋನಿನ ಮಾತು ತಾರಾಬಾಯಿಯ ಜತೆಗೇ ಒಂದು ದಿನ ಸುಟ್ಟುಹೋಗುತ್ತಿತ್ತು, ಯಾರೂ ಕೇಳುವವರಿರಲಿಲ್ಲ. ಸುಮ್ಮನಿರು, ಗಂಡನ ಎದೆ ನೆನಪಿಟ್ಟುಕೋ ಎಂದು ಒಳಗಿನಿಂದ ಒಂದು ದನಿ ಹೇಳಿಯೂ ಹೇಳಿತು. ಆದರೆ ಆ ಹುಡುಗ 'ಹೌದ್ರಿ' ಎಂದ ರೀತಿ ಅವಳಿಗೆ ತಡೆಯಲಾಗಲಿಲ್ಲ. ಬದುವಿನ ಮೇಲೆ ಕುಂತು ಕುಂತು ಅವನು ಆ ಒಂದು ಮಾತನ್ನು ವರ್ಷವಿಡೀ ತನಗೆ ತಾನೇ ಹೇಳಿಕೊಂಡಿದ್ದ.

"ಬಿಡ್ರಿ ಅವನ್ನ" ಎಂದಳು ತಾರಾಬಾಯಿ. ಹತ್ತಿರ ಬಂದು ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬಾಳೇಶಾ, ತೂಕ ಎಷ್ಟು ಗಂಟೆಕ್ಕ ಮುಗೀತು ಅವತ್ತು?"

"ಹತ್ತು, ಹತ್ತೂಕಾಲಿಗ್ರಿ. ಐವತ್ನಾಕು ಒಂಬೈನೂರು ಬಂದಿತ್ತು. ಕುಣದಾಡಿದಾ."

"ಹತ್ತೂವರಿಗೆ ನನಗ ಫೋನ್ ಮಾಡಿದ್ದ. ನೀರು ಕುಡೀಲೇನು ಅಂತ ಕೇಳಿದ. ಬ್ಯಾಡ ಅಂದೆ." ಗಂಡನ ಕಡೆ ತಿರುಗಲು ಅವಳಿಗೆ ಧೈರ್ಯ ಸಾಲಲಿಲ್ಲ, ಬಾಳೇಶನನ್ನೇ ನೋಡುತ್ತ ಹೇಳಿದಳು. "ಸಂಕಲ್ಪ ಮಾಡಿಸಿದಾಕಿ ನಾನು. ಅಪ್ಪನ ಆಯುಷ್ಯದ ಮಾತದ, ನಾಳೆ ತನಕ ತಡಿ ಅಂದೆ. ಆತು ಅಂದ. ಹತ್ತೂಕಾಲ ತನಕ ನಿನ್ನ ತೂಕದ ಸಲುವಾಗಿ ಇದ್ದ, ಖರೆ. ನಿನ್ನ ಕೆಲಸ ಅಲ್ಲಿಗೆ ಮುಗದಿತ್ತು. ಅಲ್ಲಿಂದ ಮುಂದ ಇದ್ದದ್ದು ನನ್ನ ಮಾತಿನ ಸಲುವಾಗಿ."

ಬಾಳೇಶ ಏನೋ ನೆನಪಾದವನಂತೆ ಗೋಡೆಗೆ ಬೆನ್ನು ಹಚ್ಚಿ ಹಾಗೇ ಕುಸಿದು ಕುಂತ.

"ನಿಂಬು ಸಕ್ರಿ ಹಾಕಿದ ಬಾಟ್ಲಿ ನಾನಽ ಕೈಯಾಗ ಕೊಟ್ಟಿದ್ನಿ. ಎಲ್ಲಾರಿಗೂ ಹಂಚಿದಾ. ತಾ ಬಾಯಿ ಮುಕ್ಕಳಿಸಿ ಉಗುಳಿದಾ, ತಲಿ ಮ್ಯಾಲೆ ನೀರ ಸುರುವಿಕೊಂಡಾ. ಕುಡದಾನಂತ ತಿಳಕೊಂಡೆ. ಕುಡದಾನಂತ ತಿಳಕೊಂಡ ಆಡಿಸಿದೆ ಕಾಕು." ಅವನು ಮೊಣಕಾಲಿಗೆ ತಲೆಯಿಟ್ಟು ಅಳತೊಡಗಿದ. ವರ್ಷದಲ್ಲಿ ಅವನು ಅತ್ತದ್ದನ್ನು ತಾರಾಬಾಯಿ ನೋಡಿದ್ದು ಅದೇ ಮೊದಲು. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

ರಾಯರು ಬೆಂಚಿನ ಮೇಲೆ ಮತ್ತೆ ಕುಂತಿದ್ದರು. ಎದೆಯ ಮೇಲಿನ ಕೈ ತೆಗೆದಿದ್ದರು. ಹೊರಗೆ ಮೈಕಿನಲ್ಲಿ ಶಂಕರೆಪ್ಪನವರು ಮುಖ್ಯ ಅತಿಥಿಗಳು ಎಲ್ಲಿದ್ದರೂ ಮೈದಾನಕ್ಕೆ ಬರಬೇಕೆಂದು ಎರಡು ಸಲ ಕರೆದರು. ತಾರಾಬಾಯಿ ಕಾದಳು. ಬಯ್ಯಲಿ, ಹೊಡೆಯಲಿ, ಎದೆ ಹಿಡಿದುಕೊಂಡು ಅಲ್ಲೇ ಬೀಳದಿದ್ದರೆ ಅಷ್ಟು ಸಾಕು ಎಂದು ಕಾದಳು.

ರಾಯರು ಕನ್ನಡಕ ಸರಿಮಾಡಿಕೊಂಡು ಮಾತಾಡಿದರು. ಸಿಟ್ಟಿನ ದನಿಯಲ್ಲ, ಪೋಸ್ಟಿನಲ್ಲಿ ತಪ್ಪಿದ ಪತ್ರದ ಬಗ್ಗೆ ವಿಚಾರಿಸುವ ದನಿ.

"ನಾ ಅಲ್ಲೇ ಮಂಚದ ಮ್ಯಾಲೆ ಇದ್ದೆ. ಯಾರದು ಅಂತ ಕೇಳಿದೆ."

"ಹೂಂ."

"ಫೋನು ನನ್ನ ಕೈಯಾಗ ಕೊಡಬೇಕಾಗಿತ್ತು ತಾರಾ. ನಾ ಕುಡಿ ಅಂತಿದ್ದೆ."

"ಗೊತ್ತಿತ್ತು" ಎಂದಳು ಅವಳು. "ಅದಕ್ಕ ಕೊಡಲಿಲ್ಲ."